ಅನ್ಯಗ್ರಹದವರಿಗೆ ಹಾಜರಿ ಹಾಕಿದ ರೈಟರು

ಮೊನ್ನೆ ಚಿಕ್ಕಮಗಳೂರಿನ ಸಂತೆಯಲ್ಲಿ ಒಬ್ಬ ತೆಂಗಿನಕಾಯಿ ಎಣಿಸಿ ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದ. ಕತ್ತು ಉದ್ದ ಮಾಡಿ, ಒಂದು ಕಣ್ಣು ಮುಚ್ಚಿ, ‘ಒಂದು ಒಂದು ಒಂದು, ಎರಡು ಎರಡು ಎರಡು’ ಎಂದು ರಾಗ ಎಳೆದ. ಗಿರಾಕಿ ಹೆಂಗಸು ಬಿದ್ದು ಬಿದ್ದು ನಕ್ಕಳು. ಪಕ್ಕದ ಅಂಗಡಿಯವನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಉರಿದುಕೊಂಡು ಯಾರ ಮೇಲೆ ಹಾರಾಡಲಿ? ಟಿವಿಯಲ್ಲಿ ಬಂದ ಆ ಮಾತನ್ನು, ಆ ಮುಚ್ಚಿದ ಕಣ್ಣನ್ನು, ಇಡೀ ಆ ಪಾತ್ರವನ್ನು ಹುಟ್ಟಿಸಿದವಳು ನಾನೇ. ಸೊಪ್ಪು ಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ಹದಿನೈದು ವರ್ಷದಿಂದ ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ಬರೆಯುವುದು ಇಲ್ಲೇ ಚಿಕ್ಕಮಗಳೂರಿನ ಬಾಡಿಗೆ ಮನೆಯಲ್ಲಿ, ಕಳಿಸುವುದು ಬೆಂಗಳೂರಿಗೆ. ಅತ್ತೆಯ ಬಾಯಿಗೆ ವಿಷ, ಸೊಸೆಯ ಕಣ್ಣಿಗೆ ನೀರು. ಇಷ್ಟೇ ನನ್ನ ಕಸುಬು. ಅದರಲ್ಲಿ ಬೇಸತ್ತು ಕೂತಿದ್ದಾಗ ಒಬ್ಬ ನಿರ್ದೇಶಕ ವಿಜ್ಞಾನದ ಕಥೆಯೊಂದನ್ನು ಧಾರಾವಾಹಿ ಮಾಡುತ್ತೇನೆಂದು ಬಂದ. ಬೇರೆ ಗ್ರಹದ ಒಂದು ಕುಟುಂಬದ ಆಕಾಶನೌಕೆ ಕೆಟ್ಟು ಕಾಫಿ ತೋಟದಲ್ಲಿ ಇಳಿಯುತ್ತದೆ. ಅದು ರಿಪೇರಿಯಾಗುವ ತನಕ ಐದೂ ಜನ ಮನುಷ್ಯರ ವೇಷದಲ್ಲಿ ಹೋಂಸ್ಟೇ ನಡೆಸುತ್ತಾರೆ. ಇಲ್ಲಿ ಗುಡ್ಡಕ್ಕೊಂದು ಹೋಂಸ್ಟೇ ಇರುವಾಗ ಅವರನ್ನು ಯಾರು ಪತ್ತೆ ಹಚ್ಚಬೇಕು? ಕೇಳಿದ ಕೂಡಲೇ ನನಗೆ ಖುಷಿಯಾಯಿತು. ಕೊನೆಗೂ ನಮ್ಮ ಕಡೆಯ ಕಥೆಯೊಂದನ್ನು ಬರೆಯಬಹುದು ಎಂದುಕೊಂಡೆ. ಮೂಡಿಗೆರೆ ದಾರಿಯ ಒಂದು ಹೋಂಸ್ಟೇಯಲ್ಲೇ ಶೂಟಿಂಗ್ ಇಟ್ಟುಕೊಂಡರು.

ಇಪ್ಪತ್ತು ಕಂತು ಆಗುವಷ್ಟರಲ್ಲಿ ಧಾರಾವಾಹಿ ಮುಗ್ಗರಿಸಿತು. ನೋಡುವವರೇ ಇಲ್ಲ. ನಿರ್ದೇಶಕ ನನ್ನನ್ನು ಮೂಡಿಗೆರೆಗೆ ಕರೆಸಿಕೊಂಡ.

“ಮೇಡಂ, ತುಂಬ ಭಾರ ಆಗ್ತಿದೆ. ಎರಡು ಎಪಿಸೋಡಿಗೆ ಒಬ್ಬ ಕಾಮಿಡಿ ಗೆಸ್ಟ್ ಬೇಕು. ಇಲ್ಲಿಯವನೇ ಆಗಿರ್ಲಿ. ಬರಬೇಕು, ನಗಿಸಬೇಕು, ಹೋಗಬೇಕು. ಯಾರಾದ್ರೂ ಇದಾರಾ ನಿಮ್ಮ ತಲೇಲಿ?”

ಒಬ್ಬರು ಇದ್ದರು. ಮೇಜಿನ ಸುತ್ತ ಏಳೆಂಟು ಜನ ಕೂತಿದ್ದರು. ನಾನು ಎದ್ದು ನಿಂತೆ. ಮೂಲೆಯಲ್ಲಿದ್ದ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಕುಡಿದು ಬಿಟ್ಟಿದ್ದ ಒಂದು ಗಾಜಿನ ಲೋಟ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಎಡಗಣ್ಣು ಮುಚ್ಚಿ, “ಒಂದು... ಒಂದು... ಒಂದು” ಎಂದೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು. ನಿರ್ದೇಶಕ ಕಣ್ಣೊರೆಸಿಕೊಂಡು, “ಇವ್ರೇ! ಇವ್ರೇ ಬೇಕು!” ಎಂದ. ಹದಿನೈದು ವರ್ಷ ಬರೆದಿದ್ದೇನೆ, ನನ್ನ ಎದುರಿಗೆ ಕೂತು ಯಾರೂ ಹಾಗೆ ನಕ್ಕಿರಲಿಲ್ಲ. ಎಷ್ಟು ಹಿತವಾಗಿತ್ತು ಗೊತ್ತೇ? ನನ್ನ ಮಾವನನ್ನು ನಾನು ಬಿಟ್ಟುಕೊಟ್ಟದ್ದು ಆ ಹಿತಕ್ಕೆ. ಬೇರೆ ಯಾರ ಮೇಲೂ ಹಾಕಬೇಕಾಗಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಕಳಸದಿಂದ ಹೊರನಾಡಿಗೆ ಹೋಗುವ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರು. ತೋಟದ ಹಾಜರಿ ಪುಸ್ತಕ, ಆಳುಗಳ ಕೆಲಸ, ಗೊಬ್ಬರದ ಸ್ಟೋರಿನ ಬೀಗದ ಕೈ ಎಲ್ಲ ನೋಡಿಕೊಳ್ಳುವ ಗುಮಾಸ್ತನಿಗೆ ನಮ್ಮಲ್ಲಿ ರೈಟರ್ ಅಂತಲೇ ಹೆಸರು. ನಾನು ಐದು ವರ್ಷದವಳಿದ್ದಾಗ ನನ್ನ ಅಪ್ಪ ಬಸ್ ಅಪಘಾತದಲ್ಲಿ ಹೋದರು. ಆಗ ಮಾವ ಬಂದು ಅಮ್ಮನನ್ನೂ ನನ್ನನ್ನೂ ತಮ್ಮ ಎರಡು ಕೋಣೆಯ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದರು. ನಾನು ಬೆಳೆದದ್ದು ಅಲ್ಲಿ. ಸ್ಲೇಟಿನ ಮೇಲೆ ಅಂಕಿ ಬರೆಯಲು ಕಲಿತದ್ದು ಅವರ ಕೈಯಲ್ಲಿ. ನಾನು ಸೀರಿಯಲ್ ಬರೆಯಲು ಶುರು ಮಾಡಿದಾಗ ಅವರು, “ಮನೇಲಿ ಇಬ್ರು ರೈಟರ್ ಆದ್ವಲ್ಲ ಮಾರಾಯ್ತಿ! ನಂದ್ರಲ್ಲಿ ಮಾತ್ರ ಸುಳ್ಳು ಬರೆಯಂಗಿಲ್ಲ” ಎಂದು ಚುಡಾಯಿಸಿದ್ದರು.

ಅವರ ಕೆಲಸಗಳಲ್ಲೆಲ್ಲ ದೊಡ್ಡದು ಮಳೆ ಅಳೆಯುವುದು. ಇದು ನಮ್ಮ ಕಡೆಯ ಪ್ರತಿ ತೋಟದಲ್ಲೂ ಇದೆ. ಅಂಗಳದ ಬಯಲಲ್ಲಿ ಮಳೆ ಹಿಡಿಯುವ ಡಬ್ಬವೊಂದನ್ನು ನೆಟ್ಟಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ನಿಂತ ನೀರನ್ನು ಗೆರೆ ಎಳೆದ ಗ್ಲಾಸಿಗೆ ಹೊಯ್ದು ನೋಡಬೇಕು. ನೂರು ಸೆಂಟಿಗೆ ಒಂದು ಇಂಚು. ಮಾವನ ಗ್ಲಾಸಿಗೆ ಹಿಡಿಯುವುದು ಇಪ್ಪತ್ತೈದು ಸೆಂಟು. ತುಂಬಿದ ಗ್ಲಾಸನ್ನು ನೆಲಕ್ಕೆ ಚೆಲ್ಲಿ ಮತ್ತೆ ತುಂಬಬೇಕು. ನಾಲ್ಕು ಗ್ಲಾಸು ತುಂಬಿದರೆ ಇಂಚು ಮಳೆ ಬಿತ್ತು ಅಂತ ಲೆಕ್ಕ. ಚೆಲ್ಲಿದ ಮೇಲೆ ಮುಗಿಯಿತು, ಇನ್ನೊಂದು ಸಲ ಅಳೆಯುವ ಹಾಗಿಲ್ಲ.

ಮಾವ ಪ್ರತಿ ಗ್ಲಾಸು ಚೆಲ್ಲುವ ಮೊದಲು ಅದು ಎಷ್ಟನೆಯದೆಂದು ಮೂರು ಸಲ ಗಟ್ಟಿಯಾಗಿ ಹೇಳುತ್ತಿದ್ದರು. ಪಕ್ಕದಲ್ಲಿ ಆಳುಗಳ ಮೇಸ್ತ್ರಿ ಇದ್ದರೆ ಮೇಸ್ತ್ರಿಗೆ, ಯಾರೂ ಇಲ್ಲದಿದ್ದರೆ ಎದುರಿನ ಸಿಲ್ವರ್ ಮರಕ್ಕೆ. ಸಣ್ಣವಳಿದ್ದಾಗ ನಾನೂ ಜೊತೆಗೆ ಕೂಗುತ್ತಿದ್ದೆ. ಯಾಕೆ ಮೂರು ಸಲ ಎಂದು ಕೇಳಿದರೆ, “ಹಿಂದೆ ಒಂದ್ಸಲ ಲೆಕ್ಕ ತಪ್ಪಿತ್ತು, ಆಗಿಂದ ಅಭ್ಯಾಸ” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳಬೇಕೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಒಬ್ಬ ಬರಹಗಾರ್ತಿಗೆ ಅನ್ನಿಸಬೇಕಿತ್ತು.

ಫೆಬ್ರವರಿ, ಮಾರ್ಚಿನಲ್ಲಿ ಬೀಳುವ ಮೊದಲ ಮಳೆಗೆ ಕಾಫಿಯ ಮೊಗ್ಗು ಅರಳುತ್ತದೆ. ಹೂಮಳೆ ಎನ್ನುತ್ತೇವೆ. ಇಂಚು ತುಂಬಿದರೆ ನಿಶ್ಚಿಂತೆ. ಕಡಿಮೆ ಬಿದ್ದರೆ ತಕ್ಷಣ ಕೆರೆಗೆ ಪಂಪು ಇಳಿಸಿ, ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಿ ಕೊರತೆ ತುಂಬಬೇಕು. ಇಲ್ಲದಿದ್ದರೆ ಮೊಗ್ಗು ಅರ್ಧ ಬಾಯಿ ಬಿಟ್ಟು ಕರಟಿಹೋಗುತ್ತದೆ, ಆ ವರ್ಷದ ಫಸಲಿಗೆ ಕೈ ತೊಳೆದುಕೊಂಡ ಹಾಗೆ. ಆ ದಿನಗಳಲ್ಲಿ ತೋಟದಿಂದ ತೋಟಕ್ಕೆ ಫೋನು ಓಡಾಡುತ್ತದೆ: ನಿಮ್ಮಲ್ಲಿ ಎಷ್ಟು, ನಿಮ್ಮಲ್ಲಿ ಎಷ್ಟು. ಜಂಬಕ್ಕೆ ಹತ್ತು ಸೆಂಟು ಹೆಚ್ಚು ಹೇಳುವವರು ಇದ್ದಾರೆ, ದೃಷ್ಟಿಯಾದೀತೆಂದು ಕಡಿಮೆ ಹೇಳುವವರೂ ಇದ್ದಾರೆ. ಮಾವ ಹೇಳಿದ್ದು ಮಾತ್ರ ಕಳಸದ ಸುತ್ತ ಎಲ್ಲರಿಗೂ ನಂಬಿಕೆ. “ರೈಟ್ರು ಹೇಳಿದ್ರಾ? ಹಂಗಾದ್ರೆ ಸರಿ” ಎನ್ನುತ್ತಿದ್ದರು. ಸ್ವಂತಕ್ಕೆ ಒಂದು ಕಾಫಿ ಗಿಡವೂ ಇಲ್ಲದ ಮನುಷ್ಯನಿಗೆ ದೊಡ್ಡ ದೊಡ್ಡ ಪ್ಲಾಂಟರುಗಳು ಬೆಳಿಗ್ಗೆ ಎದ್ದು ಫೋನು ಮಾಡಿ ಅಂಕಿ ಕೇಳುತ್ತಿದ್ದರು. ಮಾವನ ಆಸ್ತಿ ಅಂತ ಇದ್ದದ್ದು ಅದೊಂದೇ.

ಪಾತ್ರವನ್ನು ನಾನು ಚೆನ್ನಾಗಿಯೇ ಬರೆದೆ. ಇದನ್ನು ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಕಥೆ ಹೀಗೆ: ತೋಟಕ್ಕೆ ಕಾಲಿಟ್ಟವರೆಲ್ಲ ಹಾಜರಿ ಪುಸ್ತಕದಲ್ಲಿ ಬರಲೇಬೇಕು ಎನ್ನುವ ಹಟದ ಒಬ್ಬ ರೈಟರು ಆ ಹೋಂಸ್ಟೇಗೆ ಬರುತ್ತಾನೆ. ಅನ್ಯಗ್ರಹದ ಐದೂ ಜನರನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಾನೆ. ಒಂದೊಂದು ತಲೆಗೂ ಮೂರು ಮೂರು ಸಲ. ಐದು ಜನರ ಲೆಕ್ಕ ಆರು ಬರುತ್ತದೆ. ಮತ್ತೆ ಎಣಿಸುತ್ತಾನೆ, ಮತ್ತೆ ಆರು. ಮನೆಯವರು ನಗುತ್ತಾರೆ, ಅಡಿಗೆಯವಳು ನಗುತ್ತಾಳೆ, ಅನ್ಯಗ್ರಹದವರ ಯಂತ್ರವೂ ಐದು ಎಂದೇ ಹೇಳುತ್ತದೆ. ರೈಟರು ಜಗ್ಗುವುದಿಲ್ಲ. ಎರಡನೆಯ ಕಂತಿನ ಕೊನೆಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣದ ಆರನೆಯವನೊಬ್ಬ ಅವರ ನಡುವೆಯೇ ಅಡಗಿದ್ದಾನೆ, ಅವರ ಶತ್ರು. ಅಷ್ಟೆಲ್ಲ ಯಂತ್ರ ಇಟ್ಟುಕೊಂಡವರು ತಪ್ಪು, ಕೊಡೆ ಹಿಡಿದ ರೈಟರು ಸರಿ. ಅವರೆಲ್ಲ ಅವನಿಗೆ ತಲೆ ಬಾಗಿಸುತ್ತಾರೆ. ಅವನು, “ಸಹಿ ಹಾಕಿ, ನಂಗೆ ಮಳೆ ನೋಡಕ್ ಹೊತ್ತಾಯ್ತು” ಎಂದು ಹೊರಟುಹೋಗುತ್ತಾನೆ.

ಬರೆದು ಮುಗಿಸಿ ಕಳಸಕ್ಕೆ ಹೋಗಿ ಮಾವನಿಗೂ ಅತ್ತೆಗೂ ಓದಿ ಹೇಳಿದೆ. ಆರನೆಯವನು ಸಿಕ್ಕಿಬಿದ್ದಾಗ ಮಾವ ತೊಡೆ ತಟ್ಟಿಕೊಂಡು ನಕ್ಕರು. “ನೋಡ್ದ್ಯಾ, ಸರಿಯಾಗೇ ಎಣಿಸಿದ್ದ!” ಎಂದು ಅತ್ತೆಗೆ ಹೇಳಿದರು. ಅತ್ತೆ ನಗಲಿಲ್ಲ. “ಆ ಮೂರ್ ಸಲ ಹೇಳದು ಯಾಕೆ ಹಾಕ್ದೆ?” ಎಂದು ಕೇಳಿದರು. ನಾನು, “ಅದೇ ಅಲ್ವಾ ಅತ್ತೆ ಕಾಮಿಡಿ!” ಎಂದೆ. ಮಾವ ನಡುವೆ ಬಾಯಿ ಹಾಕಿ, “ಇರ್ಲಿ ಬಿಡೇ, ಅವ್ಳ ಕೆಲ್ಸ ಅದು” ಎಂದರು.

ಪಾತ್ರ ಮಾಡುವ ಹಾಸ್ಯನಟ ಒಂದು ಬೆಳಿಗ್ಗೆ ನನ್ನ ಜೊತೆ ತೋಟಕ್ಕೆ ಬಂದ, ನೋಡಿ ಕಲಿಯಬೇಕು ಎಂದು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ಮಳೆ ಇಲ್ಲದ ಕಾಲ. ಡಬ್ಬಕ್ಕೆ ಬಕೆಟ್ಟಿನಿಂದ ನೀರು ಹೊಯ್ದು, ನಟನಿಗಾಗಿ ನಾಲ್ಕು ಗ್ಲಾಸು ಅಳೆದು ತೋರಿಸಿದರು. ಕತ್ತು ಹೇಗೆ ಹಿಡಿಯಬೇಕು, ನೀರಿನ ಗೆರೆ ಯಾವ ಕಣ್ಣಲ್ಲಿ ನೋಡಬೇಕು, ಎಲ್ಲ. ತಮ್ಮ ಹಳೆಯ ಉಣ್ಣೆ ಟೊಪ್ಪಿಯನ್ನೂ ಕೊಟ್ಟರು. ಆತ ಹತ್ತೇ ನಿಮಿಷದಲ್ಲಿ ಥೇಟು ಮಾವನೇ ಆಗಿಬಿಟ್ಟ. “ಎಷ್ಟ್ ಚೆನ್ನಾಗ್ ಮಾಡ್ತಾರೆ ನೋಡು! ನನ್ನೇ ನಾನು ನೋಡ್ದಂಗಾಯ್ತು” ಎಂದರು ಮಾವ. ಯಾಕೆ ಸಾರ್ ಮೂರು ಸಲ ಎಂದು ಆತ ಕೇಳಿದಾಗ ಮಾತ್ರ ಒಂದು ಗಳಿಗೆ ನನ್ನ ಕಡೆ ನೋಡಿ, “ಅಭ್ಯಾಸ” ಎಂದರು.

ಕಂತು ಬರುವುದು ಭಾನುವಾರ ಸಂಜೆ. ಎರಡೂ ಒಟ್ಟಿಗೆ. ಮಳೆ ಕೇಳಲು ಫೋನು ಮಾಡುತ್ತಿದ್ದ ಪ್ಲಾಂಟರಿಗೆಲ್ಲ ಮಾವ ತಾವೇ ಫೋನು ಮಾಡಿ, “ನಮ್ ಹುಡುಗಿ ಬರ್ದಿದ್ದು, ನೋಡ್ಬೇಕು” ಎಂದಿದ್ದರು. ಲೈನ್ ಮನೆಗಳ ಕೆಲಸದವರೆಲ್ಲ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಕಿಕ್ಕಿರಿದು ಕೂತರು. ಅತ್ತೆ ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಸಿದ್ದರು. ನಾನೂ ಹೋಗಿದ್ದೆ. ಕತ್ತರಿಸಿ ಜೋಡಿಸಿದ ಮೇಲೆ ನಾನೂ ಅದನ್ನು ನೋಡಿರಲಿಲ್ಲ. ಬರೆಯುವವರಿಗೆ ಯಾರು ತೋರಿಸುತ್ತಾರೆ?

ಮೊದಲ ಕಂತಿಗೆ ಕೋಣೆ ಹಾರಿಹೋಗುವಂತೆ ನಗು. ಮಾವನೂ ನಕ್ಕರು. ಟೊಪ್ಪಿ ತೋರಿಸಿ, “ನಂದೇ ಅದು, ನಂದೇ” ಎಂದರು. ಎರಡನೆಯದರಲ್ಲಿ ರೈಟರು ತೂರಾಡುತ್ತ ಬಂದ. ಕುಡಿದಿದ್ದ. ನಾನು ಬರೆದದ್ದಲ್ಲ ಅದು. ನಮ್ಮ ಮಾವ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಐದು ಜನರನ್ನು ಎಣಿಸಿ ಆರು ಎಂದ, ಏಳು ಎಂದ, ನಾಯಿಯನ್ನೂ ಸೇರಿಸಿ ಒಂಬತ್ತು ಎಂದ. ಕೊನೆಗೆ ತನ್ನನ್ನೇ ಎಣಿಸಿಕೊಂಡು ‘ಎರಡು ಎರಡು ಎರಡು’ ಎನ್ನುತ್ತ ಹಿಂದಕ್ಕೆ ಸರಿದು ಕಾಫಿ ಹಣ್ಣು ತೊಳೆಯುವ ತೊಟ್ಟಿಗೆ ಬಿದ್ದ. ಅಲ್ಲಿಗೆ ಮುಗಿಯಿತು.

ಎಲ್ಲರೂ ಚಪ್ಪಾಳೆ ಹೊಡೆದರು. ಮಾವ ಟಿವಿಯನ್ನೇ ನೋಡುತ್ತಿದ್ದರು. ಜಾಹೀರಾತು ಬಂತು. ಇನ್ನೊಂದು ಜಾಹೀರಾತು ಬಂತು.

“ಆರನೇವ್ನು ಇನ್ನೂ ಬರ್ಲಿಲ್ವಲ್ಲ ಮಗಾ. ಇನ್ನೊಂದ್ ಭಾಗ ಐತಾ?”

“ಇಲ್ಲ ಮಾವ. ಮುಗೀತು.”

“ಮುಗೀತಾ?” ಎಂದರು. ಸುತ್ತ ಕೂತವರ ಮುಖ ನೋಡಿದರು. ಆಮೇಲೆ ಎದ್ದು, “ಕಾಫಿ ಕುಡ್ಕಂಡ್ ಹೋಗ್ರಪ್ಪ, ಯಾರೂ ಹಂಗೇ ಹೋಗ್ಬೇಡಿ” ಎಂದು ತಾವೇ ಲೋಟ ಹಂಚಿದರು. ನನಗೂ ಒಂದು ಲೋಟ ಕೊಟ್ಟರು. ನನ್ನ ಮುಖ ನೋಡಲಿಲ್ಲ.

ಹೊರಗೆ ಬಂದು ನಿರ್ದೇಶಕನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಆತ ಸಮಾಧಾನವಾಗಿ ಕೇಳಿಸಿಕೊಂಡ. “ಮೇಡಂ, ಆರನೇ ಕ್ಯಾರೆಕ್ಟರಿಗೆ ಗ್ರಾಫಿಕ್ಸ್ ಬೇಕು, ಟೈಮೇ ಇರ್ಲಿಲ್ಲ. ಇನ್ನೊಂದ್ ಮಾತು, ಅವ್ನು ಪೆದ್ದನಾಗೇ ಇದ್ರೆ ಜನಕ್ಕೆ ಇಷ್ಟ. ನೋಡ್ತಿರಿ, ಹಿಟ್ ಆಗತ್ತೆ. ಇನ್ನೆರಡು ಎಪಿಸೋಡಿಗೆ ವಾಪಸ್ ಕರೆಸೋಣ, ಬರೀತೀರಾ?” ನಾನು ಏನೆಂದೆ ಗೊತ್ತೇ? ಹಾಳಾಗಿ ಹೋಗು ಎನ್ನಬೇಕಿತ್ತು. “ನೋಡೋಣ” ಎಂದೆ. ಆರನೆಯವನನ್ನು ಆಗ ತಂದರಾಯಿತು, ಮಾವನ ಮಾನ ಉಳಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹಿಟ್ ಎಂಬ ಮಾತು ಕಿವಿಗೆ ಬಿದ್ದಿತ್ತು.

ಹಿಟ್ ಆಯಿತು. ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬೆಳಗಿನ ಹಾಜರಿಯಲ್ಲಿ ಮಾವ ಹೆಸರು ಕರೆದರೆ ಕೆಲಸದವರು, “ಬಂದೆ, ಬಂದೆ, ಬಂದೆ” ಎನ್ನತೊಡಗಿದರು. ಮೇಸ್ತ್ರಿ ಗದರಿಸುವ ಬದಲು ಮುಖ ಆಚೆ ತಿರುಗಿಸಿ ನಗುತ್ತಿದ್ದನಂತೆ. ಕಳಸದ ಪೇಟೆಯಲ್ಲಿ ಮೆಡಿಕಲ್ ಶಾಪಿನವನು ಮಾತ್ರೆ ಎಣಿಸಿ ಕೊಡುವಾಗ, “ನೀವೂ ಒಂದ್ಸಲ ಎಣಿಸ್ಕಳಿ ರೈಟ್ರೇ, ಆರು ಬರ್ಬೋದು” ಎಂದನಂತೆ. ಇದನ್ನೆಲ್ಲ ಮಾವ ಹೇಳಲಿಲ್ಲ. ಅತ್ತೆ ಫೋನಿನಲ್ಲಿ ಹೇಳಿದರು, ಸಣ್ಣ ದನಿಯಲ್ಲಿ, ಮಾವ ಸ್ನಾನಕ್ಕೆ ಹೋದ ಹೊತ್ತಿನಲ್ಲಿ.

ಫೆಬ್ರವರಿಯಲ್ಲಿ ಒಂದು ಸಂಜೆ ಹತ್ತು ಹನ್ನೆರಡು ಸೆಂಟು ಮಳೆ ಹನಿಯಿತು. ಮರುದಿನ ಬೆಳಿಗ್ಗೆ ಎಂದಿನಂತೆ ಒಬ್ಬ ಪ್ಲಾಂಟರು ಫೋನು ಮಾಡಿದರು. “ರೈಟ್ರೇ, ಎಷ್ಟು? ಸ್ವಲ್ಪ ತಡೀರಿ, ಸ್ಪೀಕರ್ ಹಾಕ್ತೀನಿ. ಮನೇಲಿ ನೆಂಟ್ರು ಇದಾರೆ. ಹೂಂ, ಮೂರ್ ಸಲ ಹೇಳಿ ಈಗ!” ಮಾವ ಹೇಳಿದರು. ಹಿರಿಯರು ಕೇಳಿದ್ದಾರೆ, ಇಲ್ಲ ಎನ್ನುವುದು ಹೇಗೆ ಎಂದು ಹೇಳಿದರು. ಆ ಕಡೆ ಮನೆ ತುಂಬ ನಗು. ಅಂಕಿ ಎಷ್ಟೆಂದು ಯಾರೂ ಗಮನಿಸಲೇ ಇಲ್ಲ. ಮತ್ತೆ ಎರಡು ಫೋನು ಬಂದವು, ಎರಡೂ ಇದೇ ರೀತಿ. ನಾಲ್ಕನೆಯದಕ್ಕೆ ಮಾವ ಎದ್ದು ಹೊರಗೆ ಹೋದರಂತೆ.

ಮಾರ್ಚಿನಲ್ಲಿ ನಾನು ಕಳಸಕ್ಕೆ ಹೋದೆ. ನಿರ್ದೇಶಕ ದಿನಕ್ಕೆರಡು ಸಲ ಫೋನು ಮಾಡಿ ಹೊಸ ಕಂತು ಕೇಳುತ್ತಿದ್ದ. ಅರ್ಧ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಇದರಲ್ಲಿ ರೈಟರಿಗೆ ಗೌರವ ಬರುತ್ತದೆ, ಮಾವನಿಗೆ ಓದಿ ಹೇಳಿ ಒಪ್ಪಿಸಿಕೊಂಡು ಬರೋಣ ಎಂದುಕೊಂಡಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಮಾವ ತೋಟಕ್ಕೆ ಹೋದರು. ಅಡಿಗೆಮನೆಯಲ್ಲಿ ಅತ್ತೆಯ ಹತ್ತಿರ ವಿಷಯ ತೆಗೆದೆ.

ಅತ್ತೆ ಸೌಟನ್ನು ಕೆಳಗಿಟ್ಟರು. ನನ್ನ ಮೇಲೆ ಅವರು ಯಾವತ್ತೂ ದನಿ ಎತ್ತಿದವರಲ್ಲ. “ನಿಂಗೆ ನಾಚ್ಕೆ ಆಗಲ್ವೇನೆ?” ಎಂದರು.

“ಅತ್ತೆ, ಕೊನೆ ಕತ್ತರಿಸಿದ್ದು ಅವ್ರು. ನಾನು ಬರೆದದ್ದು ಬೇರೆ.”

“ಕೊನೆ ಬಿಡು. ಮೂರ್ ಸಲ ಹೇಳದನ್ನ ಕೊಟ್ಟೋಳು ಯಾರು? ಅವ್ರು ಅದ್ನ ಯಾಕ್ ಹೇಳ್ತಾರೆ ಗೊತ್ತಾ ನಿಂಗೆ?”

“ಯಾವಾಗ್ಲೋ ಲೆಕ್ಕ ತಪ್ಪಿತ್ತಂತೆ.”

“ಯಾವಾಗ್ಲೋ!” ಅತ್ತೆ ಒಳಗೆ ಹೋಗಿ ಬೀರುವಿನಿಂದ ಹಳೆಯ ಮಳೆ ಪುಸ್ತಕವೊಂದನ್ನು ತಂದು ನನ್ನ ಮುಂದೆ ಬಿಡಿಸಿದರು. ಮಾವನ ಮಳೆ ಪುಸ್ತಕಗಳಲ್ಲಿ ಒಂದು ದಿನವೂ ಖಾಲಿ ಇಲ್ಲ. ಮಳೆ ಇಲ್ಲದ ದಿನಕ್ಕೂ ಸೊನ್ನೆ ಇದೆ. ಅವರ ಮದುವೆಯ ದಿನಕ್ಕೂ ಇದೆ, ನನ್ನ ಅಮ್ಮ ತೀರಿಹೋದ ದಿನಕ್ಕೂ ಇದೆ. ಅತ್ತೆ ಬೆರಳಿಟ್ಟ ಸಾಲಿನಲ್ಲಿ ಒಂದು ಇಂಚು ಐದು ಸೆಂಟು ಎಂದಿತ್ತು. ಅದರ ಸುತ್ತ ಕೆಂಪು ಶಾಯಿಯ ಒಂದು ಸುತ್ತು. ಆ ತಾರೀಖು ನನಗೆ ಗೊತ್ತು. ಪ್ರತಿ ವರ್ಷ ಆ ದಿನ ಅಮ್ಮ ಅಪ್ಪನಿಗೆ ಎಡೆ ಇಡುತ್ತಿದ್ದಳು.

“ಇವ್ರು ಗ್ಲಾಸು ಹಿಡ್ಕಂಡು ನಿಂತಿದ್ರು,” ಎಂದರು ಅತ್ತೆ. “ಆಗ್ಲೇ ಕಳಸದಿಂದ ಜನ ಬಂದ್ರು. ನಿಮ್ ಭಾವ ಹೋದ್ರು, ಬಸ್ ಬಿತ್ತು ಅಂದ್ರು. ಇವ್ರು ಕೈಲಿದ್ದಿದ್ ಚೆಲ್ಲಿ, ಉಳ್ದಿದ್ದೂ ಅಳ್ದು, ಬರ್ದಿಟ್ಟು, ಆಮೇಲೆ ನಿಮ್ಮನ್ನ ಕರ್ಕಂಬರಕ್ಕೆ ಓಡಿದ್ರು. ಬಿದ್ದಿದ್ದು ಮೂರು ಗ್ಲಾಸು, ಮೇಲೆ ಐದು ಸೆಂಟು. ನಾಲ್ಕು ಅಂತ ಬರ್ದಿದ್ರು. ತೋಟದ ಹಳೇ ಸಾವ್ಕಾರ್ರು ಇಂಚು ತುಂಬ್ತು ಅಂತ ಸ್ಪ್ರಿಂಕ್ಲರ್ ಹಾಕ್ಲಿಲ್ಲ. ಆ ವರ್ಷ ಇಡೀ ತೋಟದ ಹೂವು ಕರಟೋಯ್ತು, ತಪ್ಪು ಗೊತ್ತಾಗಿದ್ದೇ ಆಗ. ಸಾವ್ಕಾರ್ರು ಒಂದ್ ಮಾತೂ ಬೈಲಿಲ್ಲ, ಸಾವಿನ್ ಮನೆ ಅಂತ. ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ ಅಂತ್ಲೇ ಇವ್ರು ಇಷ್ಟ್ ವರ್ಷ ಕೂಗ್ತಾ ಬಂದ್ರು. ನಿಂಗೆ ಹೇಳ್ಬಾರ್ದು ಅಂತ ನನ್ ಹತ್ರ ಆಣೆ ಇಡಿಸ್ಕಂಡಿದ್ರು. ತಪ್ಪಿದ್ದು ಅಪ್ಪ ಸತ್ತ ದಿನ ಅಂತ ಮಗೂಗೆ ಗೊತ್ತಾದ್ರೆ ಜೊತೆಗ್ ನಿಂತ್ಕಂಡು ಕೂಗಲ್ಲ ಅಂತ.”

ನಾನು ಕೂತಲ್ಲೇ ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡಲು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಚೀಲದಲ್ಲಿದ್ದ ಹಾಳೆಗಳನ್ನು ತೆಗೆದು ಒಲೆಗೆ ಹಾಕಿದೆ. ನಿರ್ದೇಶಕನಿಗೆ ಫೋನು ಮಾಡಿ ಬರೆಯುವುದಿಲ್ಲ ಎಂದೆ. “ಪರವಾಗಿಲ್ಲ ಮೇಡಂ, ಬೇರೆಯವ್ರು ಬರೀತಾರೆ, ಕ್ಯಾರೆಕ್ಟರ್ ಸೆಟ್ ಆಗಿದೆಯಲ್ಲ” ಎಂದ. ಅಷ್ಟೇ. ನಾನು ಹುಟ್ಟಿಸಿದ್ದನ್ನು ಕೊಲ್ಲುವ ಅಧಿಕಾರವೂ ನನಗಿರಲಿಲ್ಲ. ಆ ರೈಟರು ಆಮೇಲೆ ಮೂರು ಸಲ ಬಂದುಹೋದ. ಪ್ರತಿ ಸಲವೂ ಕುಡಿದಿದ್ದ, ಪ್ರತಿ ಸಲವೂ ತೊಟ್ಟಿಗೆ ಬಿದ್ದ.

ಅದೇ ಸಂಜೆ ಗುಡುಗಿ ಮಳೆ ಬಂತು. ಹೂಮಳೆ. ಒಂದೂವರೆ ಗಂಟೆ ಚೆನ್ನಾಗಿಯೇ ಹೊಯ್ಯಿತು. ಇಂಚು ತುಂಬಿತೋ ಇಲ್ಲವೋ ಎಂದು ಲೈನ್ ಮನೆಗಳಲ್ಲೆಲ್ಲ ಅದೇ ಮಾತು. ಮಾವನಿಗೆ ಕ್ಷಮಿಸಿ ಎಂದು ಹೇಳಬೇಕೆಂದು ಎರಡು ಸಲ ಬಾಯಿ ತೆಗೆದೆ. ಅವರು, “ಊಟ ಸರಿಯಾಯ್ತಾ ಮಗಾ?” ಎಂದು ಕೇಳಿದರು. ಬಾಯಿ ಮುಚ್ಚಿಕೊಂಡೆ.

ಬೆಳಿಗ್ಗೆ ಎಂಟಕ್ಕೆ ಅವರು ಕೊಡೆ, ಗ್ಲಾಸು, ಪುಸ್ತಕ ಹಿಡಿದು ಅಂಗಳಕ್ಕಿಳಿದರು. ನಾನೂ ಹಿಂದೆ ಹೋದೆ. ಆಚೆ ಕಡೆ ಕೆಲಸದವರು ಹಾಜರಿಗೆ ನಿಂತಿದ್ದರು. ಒಂದಿಬ್ಬರು ಮೊಬೈಲು ಎತ್ತಿ ಹಿಡಿದಿದ್ದರು. ಮಾವ ಅದನ್ನು ನೋಡಿದರು. ಡಬ್ಬ ತೆಗೆದು ಮೊದಲ ಗ್ಲಾಸು ತುಂಬಿದರು. ಕಣ್ಣಿನ ಮಟ್ಟಕ್ಕೆ ಹಿಡಿದರು. ತುಟಿ ಬಿಗಿದುಕೊಂಡೇ ಇತ್ತು. ಚೆಲ್ಲಿದರು. ಮತ್ತೆ ತುಂಬಿದರು. ಜೊತೆಗೆ ನಾನಾದರೂ ಕೂಗಬೇಕಿತ್ತು, ಸಣ್ಣವಳಿದ್ದಾಗ ಕೂಗುತ್ತಿದ್ದ ಹಾಗೆ. ಕೂಗಲಿಲ್ಲ. ಆ ಮೊಬೈಲುಗಳ ಎದುರು ನನಗೂ ನಾಚಿಕೆಯಾಯಿತು. ಆ ನಾಚಿಕೆಗೆ ಬೆಂಕಿ ಬೀಳಲಿ. ಮಾವ ಚೆಲ್ಲುತ್ತ, ತುಂಬುತ್ತ ಹೋದರು. ಆಮೇಲೆ ಡಬ್ಬ ಬಗ್ಗಿಸಿದರೆ ನೀರು ಮುಗಿದಿತ್ತು.

ಖಾಲಿ ಗ್ಲಾಸು ಹಿಡಿದು ಅವರು ಹಾಗೇ ನಿಂತರು. ಪೆನ್ನು ತೆಗೆದವರು ಬರೆಯಲಿಲ್ಲ. ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, “ಮೂರಾ ಮಗಾ, ನಾಲ್ಕಾ?” ಎಂದರು.

ನನಗೆ ಗೊತ್ತಿರಲಿಲ್ಲ. ನಾನು ನೋಡುತ್ತಿದ್ದದ್ದು ಅವರ ತುಟಿಯನ್ನು, ಗ್ಲಾಸನ್ನಲ್ಲ. “ನೋಡ್ಲಿಲ್ಲ ಮಾವ” ಎಂದೆ.

ಅವರು ನೆಲ ನೋಡಿದರು. ಒದ್ದೆ ಮಣ್ಣಿನಲ್ಲಿ ಚೆಲ್ಲಿದ ನೀರಿನ ಗುರುತು ಎಲ್ಲಿ ಸಿಗುತ್ತದೆ? ಪುಸ್ತಕ ಬಿಡಿಸಿ ತಾರೀಖು ಬರೆದರು. ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟು ಮುಚ್ಚಿದರು. ಅಷ್ಟರಲ್ಲಿ ಫೋನು ಬಂತು. ಈಗಿನ ಸಾಹುಕಾರರು, ಹಳಬರ ಮಗ. ಅವರಿರುವುದು ಚಿಕ್ಕಮಗಳೂರಿನಲ್ಲಿ, ಮಳೆ ಬಿದ್ದ ಮರುದಿನ ತಪ್ಪದೆ ಕೇಳುತ್ತಾರೆ. ಮಾವನಿಗೆ ಕಿವಿ ಮಂದವಾದ್ದರಿಂದ ಜೋರಾಗಿ ಇಟ್ಟುಕೊಂಡಿದ್ದ ಫೋನಿನ ದನಿ ನನಗೂ ಕೇಳುತ್ತಿತ್ತು.

“ರೈಟ್ರೇ, ಎಷ್ಟು ಬಿತ್ತು? ಸ್ಪ್ರಿಂಕ್ಲರ್ ಹಾಕ್ಬೇಕಾ, ಬೇಡ್ವಾ?”

“ಗೊತ್ತಿಲ್ಲ ಸಾರ್.”

“ಏನಂದ್ರಿ?”

“ಗೊತ್ತಿಲ್ಲ.”

ಸಾಹುಕಾರರು, “ಎರಡೇ ಸಲ ಹೇಳಿದ್ರಲ್ಲ ರೈಟ್ರೇ, ಇನ್ನೊಂದ್ ಸಲ?” ಎಂದರು.

ಮಾವ ಪುಸ್ತಕವನ್ನು ಎದೆಗೆ ಅವಚಿಕೊಂಡು, ಕೆಲಸದವರ ಕಡೆಗೆ ಬೆನ್ನು ಮಾಡಿ ನಿಂತು, “ಗೊತ್ತಿಲ್ಲ ಸಾರ್” ಎಂದರು. ಸಾಹುಕಾರರು ಜೋರಾಗಿ ನಕ್ಕರು.